ಅದು ಸರೋವರ ಅಲ್ಲ ಮಗಾ, ಹಿನ್ನೀರು

ಪ್ರತಿ ಸೆಮಿಸ್ಟರ್ ಕೊನೆಯ ಪೇಪರ್ ಮುಗಿದ ಸಂಜೆ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಮಾತು: ಟ್ರಿಪ್. ವಾಟ್ಸಾಪ್‌ನಲ್ಲಿ ಹೊಸ ಗ್ರೂಪ್ ಹುಟ್ಟುತ್ತೆ, ಹದಿನಾಲ್ಕು ಜನ ಸೇರ್ತಾರೆ. ಗೋವಾ ಅಂತ ಶುರುವಾಗಿ, ಲಡಾಖ್‌ವರೆಗೂ ಹೋಗಿ, ಕೊನೆಗೆ ನಂದಿ ಬೆಟ್ಟಕ್ಕೂ ಯಾರೂ ಬರದೆ ಗ್ರೂಪ್ ತಣ್ಣಗಾಗುತ್ತೆ. ಈ ಜನವರಿಯಲ್ಲಿ ಮಾತ್ರ ಏನೋ ಪವಾಡ. ಹದಿನಾಲ್ಕರಲ್ಲಿ ಐದು ಜನ ನಿಜವಾಗಲೂ ಬೆಳಗಿನ ಜಾವ ನಾಲ್ಕಕ್ಕೆ ಗೇಟಿನ ಹತ್ತಿರ ಬ್ಯಾಗ್ ಹಿಡಿದು ನಿಂತಿದ್ದೆವು. ಲಡಾಖ್‌ಗೆ ದುಡ್ಡಿರಲಿಲ್ಲ, ಗೋವಾಕ್ಕೆ ಮನೆಯಲ್ಲಿ ಪರ್ಮಿಷನ್ ಇರಲಿಲ್ಲ. "ಬೆಟ್ಟ ಬೇಕು, ಲೇಕ್ ಬೇಕು, ರೋಡ್ ಚೆನ್ನಾಗಿರ್ಬೇಕು, ಅಷ್ಟೇ ತಾನೆ? ನಮ್ಮೂರ ಕಡೆ ಬನ್ನಿ" ಅಂದವನು ನನ್ನ ರೂಂಮೇಟ್. ಅವನು ಶಿವಮೊಗ್ಗ ಜಿಲ್ಲೆಯವನು. ಹಾಗಾಗಿ ಶರಾವತಿ ಕಣಿವೆ ಫಿಕ್ಸ್ ಆಯ್ತು.

ಇದು ಪ್ರವಾಸ ಕಥನ ಅಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಎಲ್ಲಿ ಉಳ್ಕೊಂಡ್ವಿ, ಎಷ್ಟು ಖರ್ಚಾಯ್ತು ಅನ್ನೋದನ್ನ ಬೇಕಾದ್ರೆ ಕ್ಯಾಂಟೀನ್‌ನಲ್ಲಿ ಕೇಳಿ, ಲೆಕ್ಕ ಸಮೇತ ಕೊಡ್ತೀನಿ. ಇಲ್ಲಿ ಹೇಳಬೇಕಾಗಿರೋದು ಬೇರೆ. ಬೆಟ್ಟ ಮತ್ತು ನೀರಿನ ನಡುವೆ ಓಡಾಡಿದ ಆ ಮೂರು ದಿನದಲ್ಲಿ ನಾನು ನೋಡಿದ್ದು ಪ್ರಕೃತಿ ಅಂದ್ಕೊಂಡಿದ್ದೆ. ನೋಡಿದ್ದು ನಮ್ಮದೇ ಸಿಲೆಬಸ್ ಅಂತ ಗೊತ್ತಾಗೋಕೆ ಒಬ್ಬರು ಅಜ್ಜಿ ಬೇಕಾಯ್ತು.

ಮೊದಲು ದಾರಿ ಹೇಳಿಬಿಡೋಣ, ಯಾಕಂದ್ರೆ ದಾರಿ ನಿಜಕ್ಕೂ ಚಂದ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಆಮೇಲೆ ತಿಪಟೂರು, ಅರಸೀಕೆರೆಯ ತೆಂಗಿನ ತೋಟಗಳು. ಕಡೂರು ದಾಟಿ ತರೀಕೆರೆ ಬರೋ ಹೊತ್ತಿಗೆ ಗಾಳಿ ಬದಲಾಗುತ್ತೆ. ಶಿವಮೊಗ್ಗದಲ್ಲಿ ಊಟ ಮುಗಿಸಿ ಆಯನೂರು, ಕುಂಸಿ, ಆನಂದಪುರ ದಾಟಿದರೆ ಸಾಗರ. ಅಲ್ಲಿಂದ ಅಂಬಾರಗೋಡ್ಲು ಕಡೆ ತಿರುಗಿದ ಮೇಲೆ ಎರಡೂ ಬದಿ ಕಾಡು, ನಡುನಡುವೆ ಅಡಿಕೆ ತೋಟ, ಅಂಗಳದಲ್ಲಿ ಹರಡಿದ ಅಡಿಕೆ. ಕಾರಿನಲ್ಲಿ ಹಾಡು ಹಾಕಿದ್ದೋನು ತಾನಾಗೇ ಆಫ್ ಮಾಡಿದ. ಒಂದು ತಿರುವು ಕಳೆದದ್ದೇ ತಡ, ಎದುರಿಗೆ ನೀರು. ಕಣ್ಣು ಹಾಯಿಸಿದಷ್ಟೂ ನೀರು, ಮಧ್ಯೆ ಮಧ್ಯೆ ಹಸಿರು ಗುಡ್ಡೆಗಳು, ಹಿಂದೆ ನೀಲಿ ಬೆಟ್ಟಗಳ ಸಾಲು. "ಲೇ, ಇದು ಸ್ವಿಟ್ಜರ್‌ಲ್ಯಾಂಡ್ ಥರ ಇದೆ ಕಣೋ! ಯಾವ ಲೇಕ್ ಇದು?" ಅಂತ ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯ ಕೂಗಿದ.

"ಲೇಕ್ ಅಲ್ಲ ಮಗಾ, ಹಿನ್ನೀರು" ಅಂದ ರೂಂಮೇಟ್. ಅಷ್ಟೇ ಹೇಳಿ ಸುಮ್ಮನಾದ.

ನಾವು ಆಗ ಅದನ್ನ ತಲೆಗೆ ಹಾಕ್ಕೊಳ್ಲಿಲ್ಲ. ಎದುರಿಗೆ ಹೊಸ ಸಿಗಂದೂರು ಸೇತುವೆ ಇತ್ತು. 2025ರ ಜುಲೈ 14ರಂದು ಉದ್ಘಾಟನೆಯಾದ, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡೂ ಕಾಲು ಕಿಲೋಮೀಟರ್‌ಗಿಂತ ಉದ್ದದ, ಕೇಬಲ್‌ಗಳು ಹಿಡಿದು ನಿಲ್ಲಿಸಿದ ಸೇತುವೆ. ಸಿವಿಲ್ ಓದೋ ನನಗೆ ಅದನ್ನ ನೋಡಿದ್ದೇ ಒಂದು ಖುಷಿ. ಪಿಪಿಟಿಯಲ್ಲಿ ನೋಡಿದ್ದನ್ನ ನೀರಿನ ಮೇಲೆ ನೋಡೋದೇ ಬೇರೆ. ಎಲ್ಲರೂ ಫೋನ್ ಹೊರಗೆ ತೆಗೆದರು. ಆಗ ನಮ್ಮಲ್ಲೇ ಒಬ್ಬ ಒಂದು ಮಾತು ಹೇಳಿದ: "ಮೊದಲು ಇಲ್ಲಿ ಲಾಂಚ್ ಇತ್ತಂತೆ. ಕಾರು, ಬಸ್ಸು ಎಲ್ಲಾ ಲಾಂಚ್ ಮೇಲೆ ಹಾಕ್ಕೊಂಡು ದಾಟಬೇಕಿತ್ತಂತೆ. ಎಷ್ಟು ಮಜಾ ಇರ್ತಿತ್ತು! ಸೇತುವೆ ಕಟ್ಟಿ ಆ ಫೀಲ್ ಹಾಳು ಮಾಡಿದ್ರು."

ಒಪ್ಕೋತೀನಿ, ನಾನೂ ಹೌದು ಅಂದೆ. ಈ ಲೇಖನ ಬರೀತಿರೋದು ಆ 'ಹೌದು' ವಾಪಸ್ ತಗೊಳ್ಳೋಕೆ.

ಸೇತುವೆ ದಾಟಿ ತುಮರಿಯಲ್ಲಿ ಚಹಾಕ್ಕೆ ನಿಂತೆವು. ನಮ್ಮ ಹುಡುಗ ಅದೇ ಮಾತನ್ನ ಹೋಟೆಲಿನವರ ಎದುರಿಗೂ ಹೇಳಿದ: "ಅಣ್ಣಾ, ಲಾಂಚೇ ಚೆನ್ನಾಗಿತ್ತಲ್ವಾ?" ಅವರು ಗ್ಲಾಸ್ ತೊಳೆಯುತ್ತಲೇ ಹೇಳಿದರು, "ನಿಮಗೆ ಚೆನ್ನಾಗಿತ್ತು ಮಾರಾಯ್ರೆ. ರಾತ್ರಿ ಹೊತ್ತು ಹೆರಿಗೆ ನೋವು ಬಂದ್ರೆ ಲಾಂಚ್ ಎಲ್ಲಿರ್ತಿತ್ತು? ಸಂಜೆಗೇ ನಿಲ್ತಿತ್ತು. ಬೇಸಿಗೇಲಿ ನೀರು ಇಳಿದ್ರೆ ಗಾಡಿ ಹತ್ತಿಸ್ತಿರಲಿಲ್ಲ. ಸಾಗರ ಇಲ್ಲೇ ಎದುರಿಗೆ. ಸುತ್ತು ಹಾಕ್ಕೊಂಡು ಹೋದ್ರೆ ಎಂಬತ್ತು ಕಿಲೋಮೀಟರ್ ಹತ್ರ." ಅವರ ದನಿಯಲ್ಲಿ ಕೋಪ ಇರಲಿಲ್ಲ. ಅದೇ ಪ್ರಶ್ನೆಯನ್ನ ನಮ್ಮಂಥ ನೂರು ಜನ ಕೇಳಿರಬೇಕು ಅನ್ನೋ ಸುಸ್ತು ಇತ್ತು. ನಮ್ಮ ಹುಡುಗ ಚಹಾದ ಲೋಟದೊಳಗೆ ಮುಖ ಮುಚ್ಕೊಂಡ.

ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗಿದ್ದು 1964ರಲ್ಲಿ. ಸೇತುವೆ ಬಂದಿದ್ದು 2025ರಲ್ಲಿ. ನಡುವೆ 61 ವರ್ಷ. ನಮಗೆ ಒಂದು 'ಎಕ್ಸ್‌ಪೀರಿಯನ್ಸ್' ಆಗಿದ್ದ ಲಾಂಚ್, ಕರೂರು ಮತ್ತು ಬಾರಂಗಿ ಹೋಬಳಿಯ ಜನಕ್ಕೆ ಎರಡು ಮೂರು ತಲೆಮಾರಿನ ಕಾಯುವಿಕೆ. ಶಾಲೆ, ಆಸ್ಪತ್ರೆ, ತಾಲ್ಲೂಕು ಕಚೇರಿ, ಅಡಿಕೆ ಮಾರೋ ಮಂಡಿ, ಎಲ್ಲಾ ನೀರಿನ ಆಚೆ. ಒಬ್ಬರ ಬದುಕಿನ ತೊಂದರೆಯನ್ನ ಇನ್ನೊಬ್ಬರು ವೀಕೆಂಡ್‌ನಲ್ಲಿ ಬಂದು 'ಎಷ್ಟು ಕ್ಯೂಟ್' ಅಂದು ಹೋಗೋದಿದೆಯಲ್ಲ, ಅದಕ್ಕೆ ಏನಂತ ಹೆಸರಿಡಬೇಕೋ ನನಗೆ ಗೊತ್ತಿಲ್ಲ. ಆದರೆ ಅದನ್ನ ಮಾಡಿದ್ದು ನಾವೇ.

ಮಾರನೇ ದಿನ ಬೆಳಿಗ್ಗೆ ನಿಟ್ಟೂರು ಕಡೆಯಿಂದ ಜೀಪ್ ಹಿಡಿದು ಕೊಡಚಾದ್ರಿ ಹತ್ತಿದೆವು. 1,343 ಮೀಟರ್ ಎತ್ತರ. ಆ ಜೀಪ್ ದಾರಿಯಲ್ಲಿ ಮೈಯ ಒಂದೊಂದು ಮೂಳೆಯೂ ತನ್ನ ವಿಳಾಸ ಹೇಳುತ್ತೆ. ಮೇಲೆ ನಿಂತರೆ ಪಶ್ಚಿಮಕ್ಕೆ ಕರಾವಳಿಯ ಕಡೆ ಇಳಿಯೋ ದಟ್ಟ ಕಾಡು, ಇನ್ನೊಂದು ಕಡೆ ಅದೇ ಹಿನ್ನೀರು. ಮೇಲಿಂದ ನೋಡಿದಾಗ ಅದರ ಆಕಾರ ವಿಚಿತ್ರ. ದುಂಡಗಿಲ್ಲ, ಉದ್ದಕ್ಕಿಲ್ಲ. ಕೈಬೆರಳು ಚಾಚಿದ ಹಾಗೆ ಒಂದೊಂದು ಕಣಿವೆಯೊಳಕ್ಕೂ ನುಗ್ಗಿದೆ. ಗುಡ್ಡಗಳ ತಲೆ ಮಾತ್ರ ಹೊರಗಿದೆ.

ಎರಡನೇ ವರ್ಷದ ಸರ್ವೆ ಲ್ಯಾಬ್ ನೆನಪಾಯ್ತು. ಗ್ರೌಂಡ್‌ನ ಬಿಸಿಲಲ್ಲಿ ಡಂಪಿ ಲೆವೆಲ್ ಇಟ್ಕೊಂಡು, ಸ್ಟಾಫ್ ಹಿಡಿದವನಿಗೆ ಬೈಕೊಂಡು, ರೀಡಿಂಗ್ ತಗೊಂಡು, ಕೊನೆಗೆ ಶೀಟ್ ಮೇಲೆ ಕಾಂಟೂರ್ ಗೆರೆ ಎಳೆದಿದ್ದೆವು. ಒಂದೇ ಎತ್ತರದಲ್ಲಿರೋ ಬಿಂದುಗಳನ್ನ ಸೇರಿಸೋ ಗೆರೆ. ಕೊಡಚಾದ್ರಿಯ ಮೇಲೆ ನಿಂತು ನಾನು ನೋಡ್ತಿದ್ದದ್ದು ಅದನ್ನೇ. ಲಿಂಗನಮಕ್ಕಿಯ ಗರಿಷ್ಠ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಆ ನೀರಿನ ದಡ ಅಂದ್ರೆ ಬೇರೇನೂ ಅಲ್ಲ, ಭೂಮಿಯ ಮೇಲೆ ಎಳೆದ 1,819 ಅಡಿಯ ಕಾಂಟೂರ್ ಗೆರೆ. ಯಾವುದೋ ಕಚೇರಿಯಲ್ಲಿ, ಯಾರೋ ನಮ್ಮಂಥವರೇ, ಡ್ರಾಯಿಂಗ್ ಶೀಟ್ ಮೇಲೆ ಪೆನ್ಸಿಲ್‌ನಲ್ಲಿ ಎಳೆದಿದ್ದ ಗೆರೆ. ಗೆರೆಯ ಒಳಗಿದ್ದ ಮನೆ ಹೋಯ್ತು, ಹೊರಗಿದ್ದದ್ದು ಉಳೀತು. ಸುಮಾರು 300 ಚದರ ಕಿಲೋಮೀಟರ್ ಅದರ ಒಳಗೆ ಬಿತ್ತು.

ನೀರು ಸ್ವಲ್ಪ ಇಳಿದಿತ್ತು. ದಡದ ಉದ್ದಕ್ಕೂ ಕಾಡು ಮುಗಿಯೋ ಜಾಗಕ್ಕೂ ನೀರು ಶುರುವಾಗೋ ಜಾಗಕ್ಕೂ ನಡುವೆ ಕೆಂಪು ಮಣ್ಣಿನ ಒಂದು ಪಟ್ಟಿ. ಅಲ್ಲಿ ಮರ ಇಲ್ಲ. ಅರ್ಧ ವರ್ಷ ನೀರಲ್ಲಿ, ಅರ್ಧ ವರ್ಷ ಬಿಸಿಲಲ್ಲಿ ಇರೋ ಮಣ್ಣಿನಲ್ಲಿ ಕಾಡು ಬೆಳೆಯೋಕಾಗಲ್ಲ. ತಾನಾಗೇ ಆದ ಹಳೇ ಕೆರೆ, ಸರೋವರಗಳ ದಡದಲ್ಲಿ ಜೊಂಡು, ಹುಲ್ಲು ಏನಾದ್ರೂ ಇರುತ್ತೆ. ಇಲ್ಲಿ ಗಾಯ ಒಣಗಿದ ಮೇಲೆ ಉಳಿಯೋ ಗುರುತಿನ ಹಾಗೆ ಆ ಕೆಂಪು ಪಟ್ಟಿ. 'ಲೇಕ್ ಅಲ್ಲ, ಹಿನ್ನೀರು' ಅನ್ನೋ ಮಾತು ಆಗ ಅರ್ಥ ಆಗೋಕೆ ಶುರುವಾಯ್ತು.

ಇಳಿದ ಮೇಲೆ ಸಂಪೇಕಟ್ಟೆ, ನಗರ ದಾರಿ. ನಗರ ಅಂದ್ರೆ ಕೆಳದಿ ಅರಸರ ಬಿದನೂರು. ಕೋಟೆ ಇವತ್ತಿಗೂ ಇದೆ. ಈ ಭಾಗದಲ್ಲಿ ರಸ್ತೆ ನೀರನ್ನ ಬಿಟ್ಟು ಹೋಗಲ್ಲ. ಸಾವೇಹಕ್ಕಲು ಜಲಾಶಯ, ಚಕ್ರಾ ಜಲಾಶಯ, ಹುಲಿಕಲ್ ಘಾಟಿಯ ಕಡೆ ಹೋದರೆ ವಾರಾಹಿ ಯೋಜನೆಯ ಮಾಣಿ ಜಲಾಶಯ. ಬೆಟ್ಟ, ತಿರುವು, ನೀರು. ಮತ್ತೆ ಬೆಟ್ಟ, ತಿರುವು, ನೀರು. ಚಕ್ರಾ, ಸಾವೇಹಕ್ಕಲಿನ ನೀರು ಲಿಂಗನಮಕ್ಕಿಗೇ ಹೋಗಿ ಸೇರುತ್ತೆ. ಮಾಣಿಯ ನೀರು ಬೆಟ್ಟದ ಹೊಟ್ಟೆಯೊಳಗಿನ 460 ಮೆಗಾವ್ಯಾಟ್‌ನ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಯುತ್ತೆ. ಅಂದ್ರೆ ನಾವು ಮೂರು ದಿನ ಫೋಟೋ ಹೊಡೆದ ಆ ದೊಡ್ಡ ನೀರುಗಳಲ್ಲಿ ಒಂದೂ ಪ್ರಕೃತಿ ಮಾಡಿದ್ದಲ್ಲ. ಎಲ್ಲವೂ ಎಂಜಿನಿಯರ್‌ಗಳು ಮಾಡಿದ್ದು.

ಈಗ ಯಾರಾದ್ರೂ ಕೇಳಬಹುದು: ಹಾಗಾದ್ರೆ ಅಣೆಕಟ್ಟು ಕಟ್ಟಲೇಬಾರದಿತ್ತಾ? ನಾನು ಹಾಗೆ ಹೇಳಲ್ಲ, ಹೇಳೋ ಯೋಗ್ಯತೆಯೂ ನನಗಿಲ್ಲ. ನನ್ನ ತಾತನ ಊರು ಬಯಲುಸೀಮೆಯಲ್ಲಿದೆ. ಆ ಊರಿಗೆ ಕರೆಂಟ್ ಬಂದಿದ್ದು ಎಪ್ಪತ್ತರ ದಶಕದಲ್ಲಿ. ಅದು ಬಂದ ಮೇಲೆ ಬಾವಿಗೆ ಪಂಪು ಬಂತು, ಪಂಪು ಬಂದ ಮೇಲೆ ಎರಡನೇ ಬೆಳೆ ಬಂತು, ಆ ಬೆಳೆಯ ದುಡ್ಡಲ್ಲಿ ನಮ್ಮಪ್ಪ ಓದಿದರು. ಆ ಕಾಲದಲ್ಲಿ ರಾಜ್ಯದ ಕರೆಂಟ್ ಅಂದ್ರೆ ಬಹುಪಾಲು ಶರಾವತಿಯೇ. ನಾನು ಇವತ್ತು ಎಂಜಿನಿಯರಿಂಗ್ ಕ್ಲಾಸಿನಲ್ಲಿ ಕೂತಿರೋದರಲ್ಲಿ ಆ ನೀರಿನ ಪಾಲೂ ಇದೆ.

ಆ ಯೋಜನೆಯ ತಾಂತ್ರಿಕ ಲೆಕ್ಕವೂ ಬೆರಗಾಗೋ ಹಾಗಿದೆ. ಲಿಂಗನಮಕ್ಕಿಯ ಸಾಮರ್ಥ್ಯ ಸುಮಾರು 151 ಟಿಎಂಸಿ. ನಮ್ಮ ಕೆಆರ್‌ಎಸ್ 49 ಟಿಎಂಸಿ ಚಿಲ್ಲರೆ. ಅಂದ್ರೆ ಮೂರು ಕೆಆರ್‌ಎಸ್. ನೀರು ಮೊದಲು ಅಣೆಕಟ್ಟಿನ ಬುಡದಲ್ಲೇ 55 ಮೆಗಾವ್ಯಾಟ್ ಕೊಡುತ್ತೆ. ಅಲ್ಲಿಂದ ತಳಕಳಲೆ ಜಲಾಶಯಕ್ಕೆ ಹೋಗಿ, ಪೆನ್‌ಸ್ಟಾಕ್‌ಗಳಲ್ಲಿ ಕಣಿವೆಗೆ ಬಿದ್ದು, ಶರಾವತಿ ವಿದ್ಯುದಾಗಾರದ ಹತ್ತು ಯೂನಿಟ್‌ಗಳಲ್ಲಿ 1,035 ಮೆಗಾವ್ಯಾಟ್ ಕೊಡುತ್ತೆ. ಅಲ್ಲಿಗೂ ಮುಗಿಯಲ್ಲ. ಕೆಳಗೆ ಗೇರುಸೊಪ್ಪದಲ್ಲಿ ಅದೇ ನೀರನ್ನ ಮತ್ತೆ ಹಿಡಿದು ಇನ್ನೂ 240 ಮೆಗಾವ್ಯಾಟ್ ತೆಗೀತಾರೆ. ಆಮೇಲೆ ಹೊನ್ನಾವರ, ಸಮುದ್ರ. ಒಂದೇ ಹನಿ ಮೂರು ಸಲ ದುಡಿಯುತ್ತೆ. ಸುಮಾರು 128 ಕಿಲೋಮೀಟರ್ ಉದ್ದದ ಒಂದು ಪುಟ್ಟ ನದಿಯಿಂದ ಇಷ್ಟನ್ನ ತೆಗೆದದ್ದು ಸಣ್ಣ ಬುದ್ಧಿವಂತಿಕೆಯಲ್ಲ. ಅದನ್ನ ಕಟ್ಟಿದವರ ಬಗ್ಗೆ ನನಗೆ ಗೌರವ ಇದೆ.

ಇನ್ನೊಂದು ವಿಷಯ. ಇದೇ ನೀರಿನ ಅಡಿಯಲ್ಲಿ ಇನ್ನೊಂದು ಅಣೆಕಟ್ಟೇ ಮುಳುಗಿದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಶುರುವಾಯ್ತಲ್ಲ, ಅದಕ್ಕೆ ನೀರು ಒದಗಿಸೋಕೆ ಕಟ್ಟಿದ್ದು. ಹದಿನಾರೇ ವರ್ಷಕ್ಕೆ ಅದಕ್ಕಿಂತ ದೊಡ್ಡದು ಬಂದು ಅದನ್ನ ಮುಳುಗಿಸ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದರ ಗೋಡೆ ಮೇಲೆ ಬರುತ್ತೆ, ಜನ ನೋಡೋಕೆ ಹೋಗ್ತಾರೆ. ಅರವತ್ತು ವರ್ಷ ನೀರೊಳಗಿದ್ದೂ ಗಟ್ಟಿಯಾಗಿ ನಿಂತಿದೆ. ಅದರ ಬಗ್ಗೆ ಮೆಚ್ಚಿ ಮಾತಾಡೋಕೆ ನನಗೂ ಇಷ್ಟವೇ. ಆದರೆ ಡ್ಯಾಂ ಮುಳುಗಿದ್ದು ಸುದ್ದಿಯಾಗುತ್ತೆ, ಜೊತೆಗೆ ಮುಳುಗಿದ ಕಣ, ತೋಟ, ಭೂತನ ಕಟ್ಟೆ ಸುದ್ದಿಯಾಗಲ್ಲ.

ಮೂರನೇ ದಿನ ವಾಪಸ್ ಬರುವಾಗ ಹೊಸನಗರ, ರಿಪ್ಪನ್‌ಪೇಟೆ ದಾಟಿ ಆಯನೂರು ಹತ್ತಿರ ರೂಂಮೇಟ್ ಕಾರನ್ನ ಒಳದಾರಿಗೆ ತಿರುಗಿಸಿದ. "ಅಜ್ಜಿ ಮನೆ. ಹತ್ತೇ ನಿಮಿಷ" ಅಂದ. ಹತ್ತು ನಿಮಿಷ ಎರಡೂವರೆ ಗಂಟೆ ಆಯ್ತು. ಕಡುಬು, ಚಟ್ನಿ, ಮಜ್ಜಿಗೆ. ತಿನ್ನುವಾಗ ನಮ್ಮಲ್ಲಿ ಒಬ್ಬ ಫೋನ್ ತೆಗೆದು ಅಜ್ಜಿಗೆ ಹಿನ್ನೀರಿನ ಫೋಟೋ ತೋರಿಸಿದ. "ಅಜ್ಜಿ, ನೋಡಿ, ನಿಮ್ಮ ಕಡೆ ಎಷ್ಟು ಚಂದ ಇದೆ!"

ಅಜ್ಜಿ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಎಂತ ನೋಡಕ್ಕೆ ಹೋಗಿದ್ರಿ ಮಾರಾಯ? ನೀರನ್ನಾ?"

ಅವರು ಮದುವೆಯಾಗಿ ಹೋಗಿದ್ದ ಮನೆ ಆ ನೀರಿನ ಕೆಳಗಿದೆ. ಮದುವೆಯಾಗಿ ಎರಡು ವರ್ಷ ಆಗಿತ್ತಂತೆ. ಮನೆಯ ಬಾಗಿಲು, ಕಂಬ, ತೊಲೆ ಎಲ್ಲಾ ಬಿಚ್ಚಿ ಲಾರಿಗೆ ಹಾಕಿದ್ದು, ಹಸು ಲಾರಿ ಹತ್ತೋಕೆ ಒಪ್ಪದೆ ಕಿರುಚಿದ್ದು, ಮಾವನವರು ಹೊರಡೋ ದಿನ ಬೆಳಿಗ್ಗೆಯೂ ತೋಟಕ್ಕೆ ಹೋಗಿ ಬಿದ್ದ ಅಡಿಕೆ ಆರಿಸಿದ್ದು, ಎಲ್ಲಾ ನಿನ್ನೆ ನಡೆದ ಹಾಗೆ ಹೇಳಿದರು. "ಲಾರೀಲಿ ತಂದು ಇಲ್ಲಿ ಕಾಡಲ್ಲಿ ಇಳಿಸಿ ಹೋದ್ರು. ಮೊದಲ್ನೇ ರಾತ್ರಿ ಆ ಬಾಗಿಲನ್ನೇ ಮರಕ್ಕೆ ಒರಗಿಸಿ ಅದರ ಹಿಂದೆ ಮಲಗಿದ್ವಿ." ಆ ಬಾಗಿಲು ಇವತ್ತಿಗೂ ಅವರ ದೇವರ ಕೋಣೆಗಿದೆ. ನಾವು ಕೈ ತೊಳೆಯೋಕೆ ಹೋಗುವಾಗ ಅದನ್ನ ದಾಟಿಕೊಂಡೇ ಹೋಗಿದ್ದೆವು, ಯಾರೂ ಗಮನಿಸಿರಲಿಲ್ಲ.

"ಜಮೀನಿಗೆ ಹಕ್ಕುಪತ್ರ ಸರಿ ಆಯ್ತಾ ಅಜ್ಜಿ?" ಅಂತ ನಾನು ಕೇಳಿದೆ. ರೂಂಮೇಟ್ ನಕ್ಕ. ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳಿಗೆ ತಾವು ಉಳುವ ಭೂಮಿಯ ದಾಖಲೆ ಇವತ್ತಿಗೂ ಸರಿಯಾಗಿಲ್ಲ. ಅವರನ್ನ ತಂದು ಕೂರಿಸಿದ ಜಾಗ ಕಾಗದದಲ್ಲಿ ಅರಣ್ಯ. ಪ್ರತಿ ಚುನಾವಣೆಯಲ್ಲೂ ಮಾತು ಬರುತ್ತೆ, ಹೋಗುತ್ತೆ. ಡ್ಯಾಂ ಕಟ್ಟೋಕೆ ಬೇಕಾದ ಲೆಕ್ಕ ಎಲ್ಲಾ ಸರಿಯಾಗಿತ್ತು. ಕಾಂಕ್ರೀಟ್, ಒತ್ತಡ, ಪೆನ್‌ಸ್ಟಾಕ್, ಎಲ್ಲಾ. ಎರಡು ಲೆಕ್ಕ ಮಾತ್ರ ತಪ್ಪಿತು. ಮುಳುಗಿದವರನ್ನ ಎಣಿಸಿದರು, ಅವರು ಹೋಗಿ ಸೇರಿದ ಜಾಗದಲ್ಲಿ ಬೇರು ಬಿಡೋಕೆ ಏನು ಬೇಕು ಅಂತ ಎಣಿಸಲಿಲ್ಲ. ಮುಳುಗದೆ ಉಳಿದು, ದಾರಿ ಕಳ್ಕೊಂಡ ತುಮರಿಯಂಥ ಊರುಗಳನ್ನ ಎಣಿಸಲೇ ಇಲ್ಲ. ಅವರ ಮನೆ 1,819 ಅಡಿಗಿಂತ ಮೇಲಿತ್ತು, ಹಾಗಾಗಿ ಶೀಟ್ ಪ್ರಕಾರ ಅವರಿಗೆ ಏನೂ ಆಗಿಲ್ಲ!

ನಾನು ಹೇಳಬೇಕಾಗಿರೋದು ಇದೇ. ದಾರಿ ಕಿತ್ತುಕೊಂಡಿದ್ದೂ ನಮ್ಮ ಕಸುಬೇ, ಅರವತ್ತು ವರ್ಷ ತಡವಾಗಿ ಸೇತುವೆ ಕೊಟ್ಟಿದ್ದೂ ನಮ್ಮ ಕಸುಬೇ. ಎಂಜಿನಿಯರಿಂಗ್ ಒಳ್ಳೇದಾ ಕೆಟ್ಟದ್ದಾ ಅನ್ನೋದು ಚರ್ಚಾಸ್ಪರ್ಧೆಯ ವಿಷಯ. ಲೆಕ್ಕದಲ್ಲಿ ಯಾರನ್ನ ಸೇರಿಸ್ತೀವಿ ಅನ್ನೋದು ಕೆಲಸದ ವಿಷಯ. ನಾವು ಅದನ್ನ ಎಲ್ಲಿ ಕಲೀತೀವಿ? ಪರಿಸರದ ಪೇಪರ್ ಅಂದ್ರೆ ನಮಗೆ ಹಿಂದಿನ ರಾತ್ರಿ ಪಿಡಿಎಫ್ ಓದಿ ಪಾಸಾಗೋ ಪೇಪರ್. 'ಪುನರ್ವಸತಿ' ಅಂದ್ರೆ ಎರಡು ಮಾರ್ಕಿನ ಪ್ರಶ್ನೆ. ಇಂಡಸ್ಟ್ರಿಯಲ್ ವಿಸಿಟ್‌ಗೆ ಪವರ್‌ಹೌಸ್‌ಗೆ ಕರ್ಕೊಂಡು ಹೋಗ್ತಾರೆ, ಟರ್ಬೈನ್ ತೋರಿಸ್ತಾರೆ, ಗ್ರೂಪ್ ಫೋಟೋ ತೆಗೀತಾರೆ. ಅಲ್ಲಿಂದ ಎರಡು ಗಂಟೆ ದೂರದ ಪುನರ್ವಸತಿ ಊರಿಗೆ ಯಾವ ಬಸ್ಸೂ ತಿರುಗಲ್ಲ.

ಇದು ಹಳೇ ಕಥೆ, ಈಗ ಯಾಕೆ ಅನ್ನಬೇಡಿ. ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಇದೆ. ಕರೆಂಟ್ ಹೆಚ್ಚಿರೋ ಹೊತ್ತಲ್ಲಿ ಗೇರುಸೊಪ್ಪದಿಂದ ನೀರನ್ನ ತಳಕಳಲೆಗೆ ಮೇಲೆತ್ತೋದು, ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು. ಮೇಲೆತ್ತೋಕೆ ಬೇಕಾಗೋದು ವಾಪಸ್ ಸಿಗೋದಕ್ಕಿಂತ ಹೆಚ್ಚು, ಅದು ಭೌತಶಾಸ್ತ್ರ. ಆದರೆ ಸೋಲಾರ್, ಗಾಳಿ ಕರೆಂಟ್ ಹೆಚ್ಚಾದ ಕಾಲದಲ್ಲಿ ಅದನ್ನ ಕೂಡಿಡೋಕೆ ಇಂಥದ್ದೊಂದು ಬೇಕು ಅನ್ನೋ ವಾದದಲ್ಲೂ ಹುರುಳಿದೆ. ಇನ್ನೊಂದು ಕಡೆ, ಆ ಜಾಗ ಸಿಂಗಳೀಕಗಳ ಅಭಯಾರಣ್ಯ, ಪಶ್ಚಿಮ ಘಟ್ಟದ ಕಡಿದಾದ ಇಳಿಜಾರು. ಸ್ಥಳೀಯರು, ಪರಿಸರದವರು ವಿರೋಧಿಸ್ತಿದ್ದಾರೆ. ನೀವು ಪರವೋ ವಿರೋಧವೋ, ಅದು ನಿಮಗೆ ಬಿಟ್ಟದ್ದು. ಆದರೆ ನಮ್ಮ ಬ್ಯಾಚಿನ ಯಾರೋ ಒಬ್ಬರು ನಾಳೆ ಇಂಥದ್ದೇ ಒಂದು ಯೋಜನೆಯ ಡ್ರಾಯಿಂಗ್ ಮುಂದೆ ಕೂತಿರ್ತಾರೆ. ಪೆನ್ಸಿಲ್ ಜಾಗಕ್ಕೆ ಆಟೋಕ್ಯಾಡ್ ಬಂದಿರುತ್ತೆ, ಅಷ್ಟೇ. ಗೆರೆಯ ಈ ಕಡೆ ಯಾರಿದ್ದಾರೆ, ಆ ಕಡೆ ಯಾರಿದ್ದಾರೆ ಅಂತ ಕೇಳೋ ಅಭ್ಯಾಸ ಆಗ ಹೊಸದಾಗಿ ಬರಲ್ಲ. ಈಗಲೇ ಆಗಬೇಕು.

ಹಾಗಂತ ಟ್ರಿಪ್ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಹೋಗಿ. ಗೋವಾ ಬಿಟ್ಟು ಅಲ್ಲಿಗೇ ಹೋಗಿ. ಆದರೆ ಪ್ಲ್ಯಾನ್‌ನಲ್ಲಿ ಒಂದೆರಡು ವಿಷಯ ಸೇರಿಸ್ಕೊಳ್ಳಿ.

ಹೋಗೋ ಮುಂಚೆ ನಾ. ಡಿಸೋಜರ 'ಮುಳುಗಡೆ'ಯನ್ನೋ 'ದ್ವೀಪ'ವನ್ನೋ ಓದಿ. ಅವರು ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡ್ತಾ ಶರಾವತಿಯ ಮುಳುಗಡೆಯನ್ನ ಹತ್ತಿರದಿಂದ ನೋಡಿ ಬರೆದವರು. ಓದೋಕೆ ಪುರುಸೊತ್ತಿಲ್ಲ ಅಂದ್ರೆ ಗಿರೀಶ್ ಕಾಸರವಳ್ಳಿಯವರ 'ದ್ವೀಪ' ಸಿನಿಮಾ ನೋಡಿ. ಸೌಂದರ್ಯ ನಟಿಸಿರೋದು, ಅತ್ಯುತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂದಿರೋದು. ವೆಬ್ ಸೀರೀಸ್‌ನ ಮೂರು ಎಪಿಸೋಡಿನ ಹೊತ್ತು ಸಾಕು.

ಹಿನ್ನೀರಿಗೆ ಇಳಿಯಬೇಡಿ. ಇದು ಕಟ್ಟುನಿಟ್ಟು. ಅದು ಈಜುಕೊಳ ಅಲ್ಲ, ಮುಳುಗಿದ ಕಣಿವೆ. ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ಆಳ. ಕೆಳಗೆ ಕೆಸರು, ಮುಳುಗಿದ ಮರದ ಬೊಡ್ಡೆಗಳು. ಈಜು ಬರುತ್ತೆ ಅನ್ನೋ ಧೈರ್ಯ ಅಲ್ಲಿ ಕೆಲಸಕ್ಕೆ ಬರಲ್ಲ. ಸೇತುವೆಯ ಮಧ್ಯೆ ಗಾಡಿ ನಿಲ್ಲಿಸಿ ರೀಲ್ ಮಾಡೋದೂ ಬೇಡ. ನಿಮ್ಮ ಹಿಂದೆ ಬರ್ತಿರೋ ಗಾಡಿಯಲ್ಲಿ ಆಸ್ಪತ್ರೆಗೆ ಹೊರಟವರು ಇರಬಹುದು. ಅರವತ್ತು ವರ್ಷ ಕಾದವರನ್ನ ಇನ್ನೂ ಐದು ನಿಮಿಷ ಕಾಯಿಸೋದು ಬೇಡ.

ಮೂರನೇದು, ಒಬ್ಬರ ಹತ್ತಿರವಾದ್ರೂ ಕೂತು ಮಾತಾಡಿ. ಹೋಂಸ್ಟೇಯವರು, ಚಹಾದ ಅಂಗಡಿಯವರು, ಬಸ್ಸಿಗೆ ಕಾಯೋ ಅಜ್ಜ, ಯಾರಾದ್ರೂ ಸರಿ. "ಇಲ್ಲಿ ನೋಡೋಕೆ ಏನಿದೆ?" ಅನ್ನೋ ಬದಲು "ಇಲ್ಲಿ ಮೊದಲು ಏನಿತ್ತು?" ಅಂತ ಕೇಳಿ ನೋಡಿ. ಉತ್ತರ ಗೂಗಲ್ ಮ್ಯಾಪ್‌ನಲ್ಲಿ ಸಿಗಲ್ಲ. ಮ್ಯಾಪ್ ಪ್ರಕಾರ ಅಲ್ಲಿರೋದು ನೀಲಿ ಬಣ್ಣ ಮಾತ್ರ.

ಕೊನೇದು ನಮ್ಮ ಕ್ಯಾಂಪಸ್‌ಗೆ. ಪ್ರತಿ ವರ್ಷ ನಾವು ಎಷ್ಟೊಂದು ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡಿಸ್ತೀವಿ. ಅದರಲ್ಲಿ ಕಾಸ್ಟ್ ಎಸ್ಟಿಮೇಟ್‌ಗೆ ಒಂದು ಅಧ್ಯಾಯ ಇರುತ್ತೆ. 'ಇದರಿಂದ ಯಾರಿಗೆ ತೊಂದರೆ' ಅಂತ ಒಂದೇ ಒಂದು ಪುಟ ಸೇರಿಸೋಣ. ಆ್ಯಪ್ ಮಾಡೋರೂ ಸೇರಿಸಿ, ಬ್ರಿಡ್ಜ್ ಮಾಡೋರೂ ಸೇರಿಸಿ. ಗೈಡ್ ಬೇಡ ಅನ್ನಬಹುದು, ಮಾರ್ಕೂ ಬರದೇ ಇರಬಹುದು. ಆದರೆ ಆ ಪುಟ ಬರೆಯೋಕೆ ನಾಲ್ಕು ಜನರನ್ನ ಹೋಗಿ ಕೇಳಬೇಕಾಗುತ್ತೆ. ಹಾಗೆ ಕೇಳೋದೇ ಮುಖ್ಯ.

ಅಜ್ಜಿ ಮನೆಯಿಂದ ಹೊರಡುವಾಗ ರೂಂಮೇಟ್ ಹೇಳಿದ, "ಅಜ್ಜಿ, ಸೇತುವೆ ಆಗಿದೆ. ಒಂದು ಸಲ ಕರ್ಕೊಂಡು ಹೋಗ್ತೀನಿ ಬಾ." ಅಜ್ಜಿ ಕೈ ಅಲ್ಲಾಡಿಸಿ "ಎಂತಕ್ಕೆ ಮಾರಾಯ" ಅಂದರು. ನಾವು ಕಾರು ಹತ್ತಿದೆವು. ಗೇಟಿನ ತನಕ ಬಂದವರು ಕಿಟಕಿ ಹತ್ತಿರ ಬಗ್ಗಿ ಕೇಳಿದರು, "ಬೇಸಿಗೇಲಿ ನೀರು ಇಳೀತದಲ? ತೋಟದ ಮೇಲ್ಗಡೆ ಒಂದು ದೊಡ್ಡ ಬಂಡೆ ಇತ್ತು. ಅದು ಕಾಣ್ತದಾ?"

ಕಾಣುತ್ತೋ ಇಲ್ವೋ ನಮಗೆ ಯಾರಿಗೂ ಗೊತ್ತಿರಲಿಲ್ಲ. "ನೋಡೋಣ ಅಜ್ಜಿ" ಅಂದ್ವಿ.

ಮೊನ್ನೆ ಇಂಟರ್ನಲ್ಸ್ ಮುಗಿದ ಸಂಜೆ ವಾಟ್ಸಾಪ್‌ನಲ್ಲಿ ಮತ್ತೆ ಹೊಸ ಗ್ರೂಪ್ ಹುಟ್ಟಿದೆ. ಮೇ ತಿಂಗಳು, ಮಳೆಗೆ ಮುಂಚೆ, ನೀರು ತೀರಾ ಕೆಳಗಿದ್ದಾಗ. ಈ ಸಲ ಗ್ರೂಪ್‌ನಲ್ಲಿ ಹದಿನಾಲ್ಕು ಜನ ಇಲ್ಲ, ನಾಲ್ಕೇ ಜನ. ಕಾರಿನಲ್ಲಿ ಐದು ಸೀಟಿದೆ. ಮುಂದಿನ ಸೀಟು ಅಜ್ಜಿಗೆ.